ಬ್ರೇಮಾ ಬಿಟ್ಟುಕೊಡದ ಮನೆ

ಜೆನ್ನೆ ಊರಿನ ಮಣ್ಣಿನ ಮಸೀದಿಯ ಗೋಪುರದ ತುದಿಗೆ ಉಷ್ಟ್ರಪಕ್ಷಿಯ ಮೊಟ್ಟೆ ಕೂರಿಸಿದ ಕೈ ಮೇಸ್ತ್ರಿ ಬ್ರೇಮಾ ಕೊನ್ತಾನದು. ವರ್ಷಕ್ಕೊಮ್ಮೆ ಮಸೀದಿಗೆ ಮಣ್ಣು ಮೆತ್ತುವ ದಿನ ಗಂಡಸರು ಕೆಸರಿನ ಬುಟ್ಟಿ ಹೊತ್ತು ಓಡಿದರೆ, ಹೆಂಗಸರು ಹೊಳೆಯಿಂದ ನೀರು ಹೊತ್ತು ತರುವರು. ಬ್ರೇಮಾ ಮಾತ್ರ ಗೋಡೆಯಿಂದ ಹೊರಚಾಚಿದ ತಾಳೆಮರದ ಗೂಟಗಳ ಮೇಲೆ ಕಾಲಿಟ್ಟು ಎಲ್ಲರಿಗಿಂತ ಮೇಲೆ ನಿಂತು, ಕೆಳಗಿದ್ದವರನ್ನೆಲ್ಲ ಬಾಯಿಗೆ ಬಂದಂತೆ ಬೈಯುವನು. ಬೈಸಿಕೊಂಡವರಿಗೂ ಅದೊಂದು ಹೆಮ್ಮೆಯೇ.

ಅಂಥದೇ ಒಂದು ದಿನ ಕಾಲು ಜಾರಿತು. ಜೀವ ಉಳಿಯಿತು, ಬಲಭುಜ ಉಳಿಯಲಿಲ್ಲ. ಊಟಕ್ಕೆ ಮಾತ್ರ ಏಳುತ್ತಿದ್ದ ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವನು ಮನೆಯ ಮುಂದೆ ಕೂರತೊಡಗಿದ. ಒಂದೊಂದೇ ಮನೆಯವರು ಬಂದು ಮರ್ಯಾದೆಯಿಂದ ಅಪ್ಪಣೆ ಕೇಳಿ ಬೇರೆ ಮೇಸ್ತ್ರಿಯ ಕಡೆ ಹೋದರು. ಕೊನೆಗೆ ಉಳಿದದ್ದು ಮೈಗಾ ಮನೆತನದ ಮನೆ ಒಂದೇ.

ಆ ಮನೆಯ ಅಡಿಪಾಯದಲ್ಲಿ ತಾಯತ ಹೂತು, ನಾಲ್ಕು ಮೂಲೆಗೂ ಮಂತ್ರ ಉಸುರಿ ಕಟ್ಟಿದವನು ಬ್ರೇಮಾನ ಅಜ್ಜ. ಆವತ್ತಿನಿಂದ ಅದರ ಗೋಡೆಗೆ ಮಣ್ಣು ಮೆತ್ತುವುದೂ, ಅಲ್ಲಿ ಸತ್ತವರಿಗೆ ಗುಂಡಿ ತೋಡುವುದೂ ಕೊನ್ತಾ ಮನೆತನದ ಕೆಲಸ. ಬ್ರೇಮಾ ವೀಳ್ಯದಂತೆ ಮರ್ಯಾದೆಗೆ ಕೊಡುವ ಕೋಲಾಕಾಯಿ ತೆಗೆದುಕೊಂಡು ಅಪ್ಪಣೆ ಕೊಡದ ಹೊರತು ಬೇರೆ ಮೇಸ್ತ್ರಿ ಅದನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಒಳಗಿರುವವರಿಗೆ ಒಳ್ಳೆಯದಾಗದು ಎಂಬುದು ಊರಿನ ಮಕ್ಕಳಿಗೂ ಗೊತ್ತು.

ಮನೆಯ ಯಜಮಾನಿ ಹಂಸತು ಮುದುಕಿ. ಬ್ರೇಮಾ ಅಪ್ಪನ ಹಿಂದೆ ಕೆಸರು ತುಳಿಯುತ್ತಿದ್ದ ಕಾಲದಿಂದಲೂ ಅವನಿಗೆ ಒಣಮೀನಿನ ಸಾರು, ಅನ್ನ ಬಡಿಸಿದವಳು. ಎರಡು ಮಳೆಗಾಲ ಮಣ್ಣು ಕಾಣದೆ ಗೋಡೆ ಸೀಳು ಬಿಟ್ಟಾಗ ಅವಳೇ ಕೋಲೂರಿಕೊಂಡು ಬಂದಳು.

"ಏನೋ ಬ್ರೇಮಾ, ನಾನು ಸತ್ತ ಮೇಲೆ ಮೆತ್ತುತೀಯೇನೋ?"

"ಭತ್ತದ ಕುಯ್ಲು ಮುಗೀಲಿ ಅಕ್ಕಾ. ಅಷ್ಟರಲ್ಲಿ ಭುಜ ಸರಿಹೋಗುತ್ತೆ."

"ಹೋದ ವರ್ಷವೂ ಇದೇ ಕುಯ್ಲು ಹೇಳಿದ್ದೆ. ತಾಯಿರುಗಾದ್ರೂ ಹೇಳೋ."

ತಾಯಿರು ಬ್ರೇಮಾನೇ ಪಳಗಿಸಿದ ಮೇಸ್ತ್ರಿ, ಈಗ ಊರೆಲ್ಲ ಅವನದೇ ಮಾತು. ಮಾರನೆಯ ದಿನವೇ ಅವನು ಹತ್ತು ಕೋಲಾಕಾಯಿ ಎಲೆಯಲ್ಲಿ ಸುತ್ತಿ ತಂದು ಗುರುವಿನ ಮುಂದಿಟ್ಟ.

"ತಗೊಳ್ಳಿ ಗುರುಗಳೇ. ಮನೆ ನಿಮ್ದೇ, ಕೈ ಮಾತ್ರ ನಂದು."

"ಅಲಸಂದೆ ತಿನ್ನೋ ಕುಲದೋನೇ, ನನ್ನ ಗೋಡೆ ವಾಸನೆ ಹಿಡಿದು ಬಂದ್ಯಾ?" ಎಂದ ಬ್ರೇಮಾ.

ಇಬ್ಬರ ಕುಲಗಳ ನಡುವೆ ಹೀಗೆ ಬೈದು ತಮಾಷೆ ಮಾಡುವ ಪದ್ಧತಿ ಹಿಂದಿನಿಂದಲೂ ಇತ್ತು. ತಾಯಿರು ನಕ್ಕ. ಆದರೆ ಬ್ರೇಮಾ ಎಲೆಯ ಗಂಟನ್ನು ಎಡಗೈಯಿಂದ ಹಿಂದಕ್ಕೆ ತಳ್ಳಿದಾಗ ಆ ನಗು ನಿಂತಿತು.

"ನನ್ನ ಕೈ ಇನ್ನೂ ಸತ್ತಿಲ್ಲ. ಬೇರೆ ಕೈ ಆ ಗೋಡೆಗೆ ತಾಗಬಾರ್ದು."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಅದು ಇದೇ. ಆದರೆ ಬ್ರೇಮಾನ ಹೊಟ್ಟೆಯೊಳಗೆ ಇದ್ದದ್ದು ಬರೀ ಜಂಬವಲ್ಲ, ಭಯ. ಆ ಒಂದು ಮನೆ ಇರುವವರೆಗೆ ಅವನು ಮೇಸ್ತ್ರಿ. ಅದನ್ನೂ ಕೊಟ್ಟರೆ ಬಾಗಿಲಲ್ಲಿ ಕೂತು ನೊಣ ಓಡಿಸುವ ಕುಂಟುಗೈ ಮುದುಕ. ಅದನ್ನು ನೆನೆಸಿಕೊಂಡರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಹಾಗಾಗಿ ಮಳೆಗೆ ಮುಂಚೆ ಒಂದು ಬೆಳಿಗ್ಗೆ, ಊರಲ್ಲಿ ಯಾರಿಗೂ ಹೇಳದೆ, ಒಬ್ಬನೇ ಮೈಗಾ ಮನೆಯ ಮಾಳಿಗೆ ಹತ್ತಿದ. ಹಂಸತುವಿನ ಮಗಳು ಉಮ್ಮು ಮಣ್ಣಿನ ಬುಟ್ಟಿಗಳನ್ನು ಹಗ್ಗದಲ್ಲಿ ಮೇಲೆ ಕಳಿಸಿದಳು. ಗೋಡೆ ಮೆತ್ತಲು ಆಗದು, ನಿಜ. ಮಳೆನೀರು ಹೊರಗೆ ಬೀಳುವ ಸುಟ್ಟ ಮಣ್ಣಿನ ದೋಣಿಯ ಸುತ್ತ ಬಿರುಕಿತ್ತು, ಅದನ್ನಾದರೂ ಮುಚ್ಚೋಣವೆಂದು ಎಡಗೈಯಲ್ಲೇ ಮೆತ್ತಿದ. ಬಗ್ಗಲು ಭುಜ ಬಿಡಲಿಲ್ಲ. ಮಣ್ಣು ಕೈಜಾರಿ ದೋಣಿಯ ಬಾಯಿಗೆ ಬಿತ್ತು. ಒಂದಿಷ್ಟು ಕೆರೆದು ತೆಗೆದ. ಉಳಿದದ್ದನ್ನು ನಾಳೆ ತೆಗೆದರಾಯಿತು ಅಂದುಕೊಂಡ. ಬೆವರೊರೆಸಿಕೊಂಡು ಇಳಿದು ಬಂದು, ಹಂಸತು ಬಡಿಸಿದ್ದನ್ನು ಎಷ್ಟೋ ದಿನಕ್ಕೆ ಹೊಟ್ಟೆತುಂಬ ಉಂಡ.

"ಮುಗೀತಾ?" ಎಂದಳು ಮುದುಕಿ.

"ಮುಗೀತು ಅಕ್ಕಾ. ಈ ಮಳೆಗೆ ಭಯ ಇಲ್ಲ."

ಆ ರಾತ್ರಿ ಭುಜ ಊದಿಕೊಂಡಿತು. ನಾಳೆ ಎಂದದ್ದು ನಾಳೆಯಾಗಿಯೇ ಉಳಿಯಿತು. ಮಳೆ ಹಿಡಿದುಕೊಂಡಾಗಲೂ ಅವನು ಹಾಸಿಗೆಯಲ್ಲೇ ಇದ್ದ. ಯಾರನ್ನಾದರೂ ಕಳಿಸಿ ದೋಣಿ ನೋಡಿಸಬಹುದಿತ್ತು. ಕಳಿಸಿದರೆ ಕೆಲಸ ಕೆಟ್ಟದ್ದು ಊರಿಗೆ ಗೊತ್ತಾಗುತ್ತಿತ್ತು. ಕಳಿಸಲಿಲ್ಲ.

ಮೂರನೆಯ ದಿನ ಮಧ್ಯಾಹ್ನ, ಮಾಳಿಗೆಯ ಮೇಲೆ ನಿಂತ ನೀರು ಹೋಗಲು ದಾರಿ ಕಾಣದೆ ಕೆಳಗೆ ಬಂತು. ಮೊದಲೇ ಸೀಳಿದ್ದ ಗೋಡೆ ಮಾಳಿಗೆಯ ಸಮೇತ ಕುಸಿದು ಮಲಗಿತು. ಹಂಸತು ಅದರಡಿಯಲ್ಲಿದ್ದಳು.

ಮಣ್ಣು ಸರಿಸಿ ಅವಳ ಹೆಣವನ್ನು ಹೊರಗೆ ತಂದವರಲ್ಲಿ ತಾಯಿರು ಮೊದಲಿಗ. ಬ್ರೇಮಾ ಒದ್ದೆಯಾಗಿ ಬಂದು ನಿಂತಾಗ ತಾಯಿರು ಒಡೆದ ಮಣ್ಣಿನ ದೋಣಿಯನ್ನು ಕೈಯಲ್ಲಿ ಹಿಡಿದಿದ್ದ. ಅದರ ಬಾಯಲ್ಲಿ ಗಟ್ಟಿ ಮುದ್ದೆ ಹಾಗೇ ಕೂತಿತ್ತು, ಬೆರಳಿನ ಗುರುತಿನ ಸಮೇತ. ತಾಯಿರು ಅದನ್ನು ಗುರುವಿನ ಕಾಲ ಬಳಿ ನೆಲಕ್ಕಿಟ್ಟ. ಮಾತಾಡಿದ್ದು ಉಮ್ಮು.

"ಹಳೇ ಮಸೀದಿ ಕತೆ ನೀನೇ ನಂಗೆ ಹೇಳಿದ್ದೆ ಮಾವ, ಚಿಕ್ಕೋಳಿದ್ದಾಗ. ಹಿಂದೆ ಒಬ್ಬ ದೊರೆಗೆ ಅದು ಬೇಡವಾಗಿದ್ರೂ ಅದನ್ನ ಕೆಡವಲಿಲ್ವಂತೆ. ದೇವರ ಮನೆ, ಕೈ ಹಾಕ್ಬಾರ್ದು ಅಂತ. ನೀರು ಹೋಗೋ ದೋಣಿಗಳನ್ನ ಮುಚ್ಚಿಸಿ, ತಾನೇ ಬೀಳ್ಲಿ ಅಂತ ಮಳೆಗೆ ಬಿಟ್ಟನಂತೆ."

ಬ್ರೇಮಾ ಕುಕ್ಕರುಗಾಲಲ್ಲಿ ಕೂತು ದೋಣಿಯ ಬಾಯಲ್ಲಿದ್ದ ಮುದ್ದೆಯನ್ನು ಎಡಗೈ ಬೆರಳಿಂದ ಕೆರೆದ.

ತಾಯಿರು ಗುದ್ದಲಿ ತರಿಸಿದ. "ಗುಂಡಿ ನಾನು ತೋಡ್ತೀನಮ್ಮಾ. ಗುರುಗಳ ಕೈಲಿ ಆಗಲ್ಲ."

"ಬೇಡಣ್ಣ," ಎಂದಳು ಉಮ್ಮು. ಅವಳ ಕಣ್ಣಲ್ಲಿ ಒಂದು ಹನಿ ನೀರೂ ಇರಲಿಲ್ಲ. "ನಮ್ಮನೆ ಮೇಸ್ತ್ರಿ ಅವರು. ಬೇರೆ ಕೈ ತಾಗಬಾರ್ದು ಅಂದೋರೂ ಅವರೇ. ಅವರೇ ತೋಡ್ಲಿ."

ಸ್ಮಶಾನದಲ್ಲಿ ಗಂಡಸರು ಸುತ್ತ ನಿಂತಿದ್ದರು. ಅಪ್ಪಣೆಯಿಲ್ಲದೆ ಯಾರೂ ಕೈಹಾಕುವಂತಿರಲಿಲ್ಲ. ಬ್ರೇಮಾ ಎಡಗೈಯಲ್ಲಿ ಗುದ್ದಲಿ ಹಿಡಿದು, ಬಲಗೈಯನ್ನು ಅದರ ಕಾವಿಗೆ ಒತ್ತಿಕೊಂಡು ಅಗೆದ. ಒದ್ದೆ ಮಣ್ಣು ಬದಿಯಿಂದ ಕುಸಿದು ಮತ್ತೆ ಒಳಗೇ ಬೀಳುತ್ತಿತ್ತು. ಮೊಳಕಾಲಿನಷ್ಟು ಆಳವಾಗುವ ಹೊತ್ತಿಗೆ ಹೊತ್ತು ಇಳಿಯುತ್ತಿತ್ತು. ಮುದುಕಿಯ ಹೆಣ ಚಾಪೆಯ ಮೇಲೆ ಕಾದಿತ್ತು. ಅನ್ನ ಹಾಕಿದವಳನ್ನು ಇನ್ನೂ ಕಾಯಿಸುತ್ತಿದ್ದೇನೆ ಎನಿಸಿತು ಅವನಿಗೆ. ಗುದ್ದಲಿ ಕೈಯಿಂದ ಬಿತ್ತು.

"ತಾಯಿರು," ಎಂದ ಗುಂಡಿಯೊಳಗಿನಿಂದಲೇ. "ಕೋಲಾಕಾಯಿ ಇಟ್ಕೊಂಡಿದ್ದೀಯಾ?"

ತಾಯಿರು ಜೇಬಿನಿಂದ ಒಂದನ್ನು ತೆಗೆದು ಬಗ್ಗಿ ಕೊಟ್ಟ. ಅಂದು ಹತ್ತನ್ನು ತಳ್ಳಿದ್ದ ಎಡಗೈ ಈ ಒಂದನ್ನು ತೆಗೆದುಕೊಂಡಿತು. ಬ್ರೇಮಾ ಕಚ್ಚಿದ. ಬಾಯೆಲ್ಲ ಮಣ್ಣು, ಕಹಿ.

"ಅಪ್ಪಣೆ ಆಯ್ತಾ ಗುರುಗಳೇ?" ತಾಯಿರು ಕೇಳಿದ.

"ಆಯ್ತು. ಮನೆ ನಿಂದು."

"ಮನೆ ಎಲ್ಲಿದೆ ಗುರುಗಳೇ?"

ಬ್ರೇಮಾ ಗುಂಡಿಯ ಒಂದು ಬದಿಗೆ ಒತ್ತಿಕೊಂಡು ತಾಯಿರು ಇಳಿಯಲು ಜಾಗ ಬಿಟ್ಟ.