ಮೂರನೇ ನಂಬರಿನ ಬಳ್ಳಿ

ಸಸ್ಯಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆ ನಡೆಸಲು ರಾಮದುರ್ಗದ ಕಡೆಯ ಒಂದು ಕಾಲೇಜಿಗೆ ಹೋಗಿದ್ದೆ. ಮೇಜಿನ ಮೇಲೆ ನಂಬರು ಹಚ್ಚಿದ ಗಿಡ, ಬಳ್ಳಿ ಇಟ್ಟಿರುತ್ತಾರೆ. ಹುಡುಗರು ನೋಡಿ ಗುರುತಿಸಬೇಕು. ಮೂರನೇ ನಂಬರಿಗೆ ಎಲ್ಲರೂ ‘ಹಾಗಲ’ ಎಂದು ಬರೆದಿದ್ದರು. ತೊರಗಲ್ಲಿನ ಹುಡುಗಿಯೊಬ್ಬಳು ಮಾತ್ರ, ‘ಇದು ಪ್ಯಾಸಿಫ್ಲೋರ, ಕುಕ್ಕಿಬಳ್ಳಿ. ಕಾಯಿಯ ಸುತ್ತ ಜಾಲರಿ ಇದೆ, ಎಲೆ ತಿಕ್ಕಿದರೆ ನಾರುತ್ತದೆ’ ಎಂದು ಬರೆದಿದ್ದಳು. ಅದಕ್ಕೆ ಅಲ್ಲಿಯ ಪ್ರೊಫೆಸರ್ ಸಾಹೇಬರು ಕೆಂಪು ಪೆನ್ನಿನಿಂದ ಸೊನ್ನೆ ಸುತ್ತಿದ್ದರು.

ಎದ್ದು ಹೋಗಿ ನೋಡಿದೆ. ಯಾವುದೋ ದೇಶದಿಂದ ಬಂದು ನಮ್ಮ ಬೇಲಿಗಳನ್ನೆಲ್ಲ ತನ್ನದಾಗಿಸಿಕೊಂಡ ಅದೇ ಕುಕ್ಕಿಬಳ್ಳಿ!

“ಸರ, ಹಾಗಲಕಾಯಿಗೆ ಎಲ್ಲೆರೆ ಜಾಲರಿ ಇರತೈತೇನ್ರಿ?”

“ನಮ್ಮ ಲಿಸ್ಟಿನ್ಯಾಗ ಮೂರನೇದು ಹಾಗಲ ಐತ್ರಿ. ಪ್ರತಿ ವರ್ಷಾ ಅದನ್ನ ಇಡತೇವಿ. ಹುಡುಗರಿಗೂ ಮೊದಲ ಹೇಳಿರತೇವಿ.”

ಮೈಯೆಲ್ಲ ಉರಿದುಹೋಯಿತು. ಒಂದು ಎಲೆ ಹರಿದು, ಗಸಗಸ ತಿಕ್ಕಿ, ಅವರ ಮೂಗಿಗೇ ಹಿಡಿದೆ. “ಈ ನಾತ ನಿಮ್ಮ ಲಿಸ್ಟಿನ್ಯಾಗ ಐತೇನ್ರಿ?”

ಅವರು ಮುಖ ಸಿಂಡರಿಸಿ ಹಿಂದೆ ಸರಿದರು. ನಾನು ಸೊನ್ನೆ ಹೊಡೆದುಹಾಕಿ ಹುಡುಗಿಗೆ ಪೂರ್ತಿ ಮಾರ್ಕ್ಸ್ ಕೊಟ್ಟೆ. ಉಳಿದವರ ‘ಹಾಗಲ’ಕ್ಕೆಲ್ಲ ಅದೇ ಕೆಂಪು ಪೆನ್ನಿನಿಂದ ಸೊನ್ನೆ ಸುತ್ತಿದೆ.

ಬಾಗಿಲಲ್ಲಿ ನಿಂತಿದ್ದ ಕಾಲೇಜಿನ ಸಿಪಾಯಿ ಮೆಲ್ಲಗೆ ಹೇಳಿದ: “ಹಾಗಲ ಸಿಗಲಿಲ್ರಿ, ಕಂಪೌಂಡಿನಾಗಿಂದ ಇದನ್ನ ಕಿತ್ತು ತಂದೆ. ಕುಕ್ಕಿಬಳ್ಳಿ ಅಂತ ಮುಂಜಾನೆನ ಹೇಳೇನ್ರಿ. ‘ಬಳ್ಳಿ ಅಂದ್ರ ಬಳ್ಳಿ, ಇಡು’ ಅಂದ್ರು ಸಾಹೇಬ್ರು.”

ಹಾಗಾಗಿ ಆ ದಿನ ಮೂರನೇ ನಂಬರಿಗೆ ಸರಿಯುತ್ತರ ಕೊಟ್ಟವರು ಇಬ್ಬರು. ಒಬ್ಬನ ಹೆಸರು ನನ್ನ ಮಾರ್ಕ್ಸ್ ಪಟ್ಟಿಯಲ್ಲಿ ಇರಲಿಲ್ಲ.