ನಲವತ್ತು ನಿಮಿಷ, ಪಕ್ಕದ ಕೋಣೆಯಲ್ಲಿ

ಇಂಗ್ಲೆಂಡಿನ ಸೊಲಿಹಲ್‌ನಲ್ಲಿ ಮೂಳೆ ಡಾಕ್ಟರೊಬ್ಬರ ಮನೆ. ಭಾನುವಾರದ ಊಟಕ್ಕೆ ಕನ್ನಡದವರು ನಾಲ್ಕೈದು ಸಂಸಾರ ಸೇರಿದ್ದೆವು. ನಾನು ವಾರವಿಡೀ ಆಸ್ಪತ್ರೆಯ ಪಾಳಿಗಳಲ್ಲಿ ಅರೆದುಹೋಗಿ, ಶೆಫೀಲ್ಡ್‌ನಿಂದ ಅಷ್ಟು ದೂರ ಕಾರು ಓಡಿಸಿಕೊಂಡು ಬಂದಿದ್ದು ಬಿಸಿಬೇಳೆಬಾತಿನ ಆಸೆಗೆ, ಚರ್ಚೆಗಲ್ಲ. ಆದರೆ ಚರ್ಚೆಯಿಲ್ಲದೆ ನಮ್ಮವರಿಗೆ ಊಟ ಇಳಿಯಬೇಕಲ್ಲ! ಆಗ ಅಮೆರಿಕದಲ್ಲಿ ಒಂದು ಮಸೂದೆಯ ಗಲಾಟೆ ನಡೆದಿತ್ತು. ಗರ್ಭಪಾತಕ್ಕೆ ಪ್ರಯತ್ನಿಸಿದ ಮೇಲೂ ಮಗು ಜೀವಂತವಾಗಿ ಹುಟ್ಟಿದರೆ ವೈದ್ಯರು ಅದಕ್ಕೆ ಚಿಕಿತ್ಸೆ ಕೊಡಲೇಬೇಕು, ಕೊಡದಿದ್ದರೆ ಶಿಕ್ಷೆ ಎಂಬ ಮಸೂದೆ.

"ಇಲ್ಲೂ ಅಂಥ ಕಾನೂನು ಬರ್ಬೇಕು ಕಣ್ರೀ," ಎಂದರು ಮನೆಯ ಯಜಮಾನರು.

"ಅಯ್ಯೋ ಸುಮ್ನಿರಿ, ಹೆರಿಗೆ ಕೋಣೆಯಲ್ಲಿ ಕಾನೂನಿಗೇನು ಕೆಲಸ?" ಎಂದರು ಅವರ ಹೆಂಡತಿ. ಅವರು ಜಿಪಿ, ಅಂದರೆ ಇಲ್ಲಿಯ ಫ್ಯಾಮಿಲಿ ಡಾಕ್ಟರು.

ಆಮೇಲೆ ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು. ನಾನು ನವಜಾತ ಶಿಶುಗಳ ಡಾಕ್ಟರು ತಾನೆ, ಇಬ್ಬರಿಗೂ ನಾನೇ ಸಾಕ್ಷಿಯಾಗಬೇಕು.

"ನೀನು ಹೇಳಮ್ಮ. ಅಂಥ ಮಗು ಬಂದ್ರೆ ನೀವು ಹಾಗೇ ಬಿಟ್ಬಿಡ್ತೀರಾ?"

"ಇಲ್ಲ ಸಾರ್, ಬಿಡಲ್ಲ," ಎಂದೆ. ಅವರು ಮುಂದುವರಿಸಿದರು. ನಾನು ತಟ್ಟೆ ತೊಳೆಯುವ ನೆಪ ಹೇಳಿ ಅಡುಗೆಮನೆಗೆ ಹೋದೆ. ನನ್ನ ತಲೆಯಲ್ಲಿ ಇದ್ದದ್ದು ಮಸೂದೆಯಲ್ಲ, ಕೆಲವು ವರ್ಷ ಹಿಂದೆ ನಮ್ಮ ಆಸ್ಪತ್ರೆಗೆ ಬಂದಿದ್ದ ಒಬ್ಬ ಹುಬ್ಬಳ್ಳಿಯ ಹುಡುಗಿ.

ಅವಳು ಎಂಎಸ್ಸಿ ಓದಲು ಬಂದಿದ್ದಳು. ಗಂಡನಿಗೆ ಇನ್ನೂ ವೀಸಾ ಸಿಕ್ಕಿರಲಿಲ್ಲ. ಐದನೇ ತಿಂಗಳ ಸ್ಕ್ಯಾನಿನಲ್ಲಿ ಮಗುವಿಗೆ ಎರಡೂ ಮೂತ್ರಪಿಂಡ ಇಲ್ಲವೆಂದು ಗೊತ್ತಾಯಿತು. ಅವಿಲ್ಲದೆ ಶ್ವಾಸಕೋಶವೂ ಬೆಳೆಯುವುದಿಲ್ಲ, ಮಗು ಉಳಿಯುವುದಿಲ್ಲ ಎಂದು ಅವಳಿಗೆ ವಿವರಿಸಿದ್ದು ನಾನೇ, ಕನ್ನಡದಲ್ಲಿ. ಗಂಡನ ಜೊತೆ ಫೋನಿನಲ್ಲಿ ಅತ್ತು, ಮಾತಾಡಿ, ಮತ್ತೆ ಅತ್ತು, ಗರ್ಭ ತೆಗೆಸುವುದೆಂದು ತೀರ್ಮಾನಿಸಿದಳು. ಅಂದಿನಿಂದ ನಾನು ಅವಳಿಗೆ ಅಕ್ಕ. ನಾನು ಏನು ಹೇಳಿದರೂ ತಲೆಯಾಡಿಸುತ್ತಿದ್ದಳು.

ಆ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೆರಿಗೆ ಕೋಣೆಯಿಂದ ಕರೆ ಬಂತು. ಮಗು ಹುಟ್ಟಿದೆ, ಎದೆ ಬಡಿಯುತ್ತಿದೆ, ಡಾಕ್ಟರೊಬ್ಬರು ಬಂದು ನೋಡಬೇಕು. ಹೋದೆ. ಹೆಣ್ಣು ಮಗು, ಅಂಗೈಯಗಲ. ಅಳಲಿಲ್ಲ. ಆದರೆ ಎದೆ ಬಡಿಯುತ್ತಿತ್ತು, ನಿಧಾನಕ್ಕೆ.

ಹೆರಿಗೆ ಮಾಡಿಸಿದ ಸೂಲಗಿತ್ತಿ ನರ್ಸು ಯಾರ್ಕ್‌ಷೈರಿನ ಹಿರಿಯ ಹೆಂಗಸು. ಮಗುವನ್ನು ತಾಯಿಯ ಎದೆಯ ಮೇಲೆ ಇಡೋಣವೇ, ಕೇಳಿ ನೋಡು ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ನನಗೆ ಹೇಳಿದಳು. ನಾನು ಕೇಳಲೇ ಇಲ್ಲ. ನಮ್ಮ ಕಡೆ ತೋರಿಸುವುದಿಲ್ಲ, ಅವಳು ಬೇಡ ಅಂತಲೇ ಹೇಳುತ್ತಾಳೆ ಎಂದು ನಾನೇ ಉತ್ತರ ಕೊಟ್ಟುಬಿಟ್ಟೆ. ಮೈಸೂರಿನಲ್ಲಿ ಕಲಿಯುವಾಗ ಎಷ್ಟು ಸಲ ನೋಡಿದ್ದೆ! ಉಳಿಯದ ಮಗುವನ್ನು ಆಯಾ ಬಟ್ಟೆಯಲ್ಲಿ ಸುತ್ತಿ ಒಯ್ಯುವಳು, ಅಜ್ಜಿಯೋ ಅತ್ತೆಯೋ ತಾಯಿಯ ಮುಖವನ್ನು ಗೋಡೆ ಕಡೆ ತಿರುಗಿಸುವರು. ಮುಖ ನೋಡಿದರೆ ಮರೆಯಲಾಗುವುದಿಲ್ಲ ಅಂತ. ಇಲ್ಲಿ ಅವಳಿಗೆ ಅಜ್ಜಿ, ಅತ್ತೆ ಯಾರೂ ಇರಲಿಲ್ಲ. ಆ ಕೆಲಸವನ್ನು ನಾನು ವಹಿಸಿಕೊಂಡೆ. ಎಂಥಾ ದೊಡ್ಡಸ್ತಿಕೆ ನನ್ನದು!

"ಆಯ್ತಮ್ಮಾ, ಎಲ್ಲ ಮುಗೀತು. ನೀನು ನೋಡ್ಬೇಡ, ಮಲಕ್ಕೋ," ಎಂದೆ. ಅವಳು ತಲೆಯಾಡಿಸಿದಳು.

ಪಕ್ಕದ ಕೋಣೆಯಲ್ಲಿ ಮಗುವನ್ನು ಬೆಚ್ಚಗಿನ ಹೊದಿಕೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತೆ. ನೋವಿನ ಸುಳಿವು ಇದೆಯೇ ಎಂದು ನೋಡುತ್ತಿದ್ದೆ. ಆಗಾಗ ಸ್ಟೆತಾಸ್ಕೋಪ್ ಇಟ್ಟು ಕೇಳುತ್ತಿದ್ದೆ. ಆ ಸ್ಥಿತಿಯಲ್ಲಿ ಹುಟ್ಟಿದ ಯಾವ ಮಗುವಿಗಾದರೂ ಮಾಡುವುದು ಇಷ್ಟೇ. ಯಾವ ಮಸೂದೆಯವರು ಬಂದು ನೋಡಿದ್ದರೂ ನನ್ನಲ್ಲಿ ತಪ್ಪು ಹುಡುಕಲು ಆಗುತ್ತಿರಲಿಲ್ಲ. ನಲವತ್ತು ನಿಮಿಷಕ್ಕೆ ಎದೆಬಡಿತ ನಿಂತಿತು.

ಈ ದೇಶದಲ್ಲಿ ಎದೆ ಬಡಿಯುತ್ತಾ ಹುಟ್ಟಿದ ಮಗು ಎಷ್ಟು ಚಿಕ್ಕದಾದರೂ ಜನನ ಒಂದು, ಮರಣ ಒಂದು, ಎರಡನ್ನೂ ದಾಖಲು ಮಾಡಿಸಬೇಕು. ಗಂಡ ಊರಲ್ಲಿರುವಾಗ ತಾಯಿಯೇ ನೋಂದಣಿ ಕಚೇರಿಗೆ ಹೋಗಬೇಕು. ನರ್ಸು ಮರಣ ಪ್ರಮಾಣಪತ್ರದ ಫಾರಂ ತಂದು ಸಹಿಗೆ ನನ್ನ ಮುಂದಿಟ್ಟಳು. ಇದನ್ನು ಅವಳಿಂದ ಮುಚ್ಚಿಡುವಂತಿಲ್ಲ. ಮುಚ್ಚಿಟ್ಟಿದ್ದೇನೆ ಎನ್ನುವುದಾದರೂ ನನಗೆ ತಿಳಿದದ್ದು ಆಗಲೇ. ಒಂದು ಫಾರಂ ಬಂದು ನನ್ನನ್ನು ಎಚ್ಚರಿಸಬೇಕಾಯಿತು, ನಾಚಿಕೆಗೇಡು.

ಅವಳ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಎಲ್ಲ ಹೇಳಿದೆ. ಹುಟ್ಟಿದಾಗ ಜೀವ ಇತ್ತು, ನಲವತ್ತು ನಿಮಿಷ ಇತ್ತು, ನನ್ನ ಮಡಿಲಲ್ಲೇ ಹೋಯಿತು. ನಿನ್ನನ್ನು ಕೇಳದೆ ಒಯ್ದದ್ದು ನನ್ನ ತಪ್ಪು ಎಂದೂ ಹೇಳಿದೆ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ನರ್ಸು ಮಗುವನ್ನು ತಂದು ಅವಳ ಕೈಗೆ ಕೊಟ್ಟಳು. ಅವಳು ಹೊದಿಕೆ ಸರಿಸಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಅಲ್ಲಿಯವರೆಗೆ ನನ್ನ ಜೊತೆ ಬೆಂಗಳೂರಿನ ಕನ್ನಡ ಆಡುತ್ತಿದ್ದವಳ ಬಾಯಲ್ಲಿ ಹುಬ್ಬಳ್ಳಿ ಬಂತು.

"ಆವಾಗ ನಾ ಕೇಳಿದ್ರ ಕೊಡ್ತಿದ್ರೇನ್ರಿ?"

"ಕೊಡ್ತಿದ್ದೆ ಕಣಮ್ಮಾ."

"ಕೇಳೂದು ಅಂತ ಒಂದೈತಿ ಅನ್ನೂದಽ ನನಗ ಗೊತ್ತಿರಲಿಲ್ರಿ, ಅಕ್ಕಾರ. ಸತ್ತಽ ಹುಟ್ಟೇತಿ ಅನ್ಕೊಂಡು ಮಾರಿ ಆ ಕಡೆ ಮಾಡಿ ಮಲಗಿದ್ದೆ."