ನಿಂಗಮ್ಮನ ನಾಲ್ಕು ತಾಸು

ಕೊರೋನಾ ಕಳೆದ ಮರುವರ್ಷ ನಾನು ಯಾದಗಿರಿಯ ಒಂದು ಡಯಾಲಿಸಿಸ್ ಘಟಕದಲ್ಲಿ ಹಿರಿಯ ನರ್ಸ್ ಆಗಿದ್ದೆ. ಕಿಡ್ನಿ ಕೈಕೊಟ್ಟವರ ರಕ್ತವನ್ನು ಯಂತ್ರದಲ್ಲಿ ಹಾಯಿಸಿ, ಶುದ್ಧಮಾಡಿ ಮರಳಿಸುವುದು ನಮ್ಮ ಕೆಲಸ. ಸೋಮವಾರ, ಗುರುವಾರ ನಾಲ್ಕು ನಾಲ್ಕು ತಾಸು ರೋಗಿ ಕೈ ಅಲುಗಿಸದೆ ಮಲಗಬೇಕು.

ಹತ್ತಿಕುಣಿ ಕಡೆಯ ನಿಂಗಮ್ಮನಿಗೆ ಅದೇ ಆಗುತ್ತಿರಲಿಲ್ಲ. ನಲವತ್ತೈದರ ಹೆಂಗಸು, ಆಡು-ಕುರಿಗಳ ಹಿಂದೆ ಅಡ್ಡಾಡಿ ಬೆಳೆದವಳು. ಎರಡು ತಾಸಾಗುವಷ್ಟರಲ್ಲಿ ಹೊರಳಾಡುತ್ತಿದ್ದಳು. ಯಂತ್ರದ ಅಲಾರಂ ಕೂಗುತ್ತಿತ್ತು. "ಬಿಡಿಸ್ರಿ, ನಾ ಹೋಗ್ತೀನಿ" ಎಂಬ ಹಟ. ನಾನು ಬೈಯುತ್ತಿದ್ದೆ. ಬೇರೆ ರೋಗಿಗಳ ನಡುವೆ ಓಡಾಡುವಾಗಲೂ ನನ್ನ ಕಣ್ಣು ಅವಳ ಕೈಯ ಸೂಜಿಯ ಮೇಲೆಯೇ.

ಒಂದು ಗುರುವಾರ, ತನ್ನಿಚ್ಛೆಯಿಂದಲೇ ಹೋಗುತ್ತೇನೆಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಅರ್ಧಕ್ಕೇ ಎದ್ದುಹೋದಳು. ಸೋಮವಾರ ಬರಲಿಲ್ಲ. ಮಂಗಳವಾರ ಗಂಡ ಹಣಮಂತ ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದ. ಶ್ವಾಸಕೋಶದಲ್ಲಿ ನೀರು ತುಂಬಿತ್ತು. ಅವತ್ತು ಉಳಿದದ್ದೇ ಹೆಚ್ಚು.

ಉಸಿರು ಹದಕ್ಕೆ ಬಂದ ಮೇಲೆ ಕೇಳಿದೆ: "ಯಾಕವ್ವಾ ಹಿಂಗ ಮಾಡ್ತಿ?"

"ಪೈಪಿನ್ಯಾಗ ನನ್ನ ರಕ್ತ ಹರಿಯೋದು ಕಾಣ್ತದ್ರಿ ಅಕ್ಕಾರ. ಅದನ್ನ ನೋಡಕೊಂತ ಮಲಗಿದ್ರ ಜೀವ ಝಲ್ ಅಂತದ. ಮನ್ಯಾಗ ಚಂದ್ರಿ ಬಾಜೂಕ ಕುಂತ್ರನ ಸಮಾಧಾನ."

ಚಂದ್ರಿ ಎಂದರೆ ಅವಳು ಬಾಟಲಿ ಹಾಲು ಕುಡಿಸಿ ಸಾಕಿದ ಆಡು.

ರಕ್ತನಾಳಕ್ಕೇ ಸೂಜಿ ಚುಚ್ಚಿರುವ ಕಡೆ ಪ್ರಾಣಿಯನ್ನು ಬಿಡುವಂತಿಲ್ಲ; ಸೋಂಕು ತಗುಲಿದರೆ ಜೀವಕ್ಕೇ ಕುತ್ತು. ಆದರೂ ಡಾಕ್ಟರಿಗೆ ಈ ಮಾತು ತಿಳಿಸಿದೆ. ಅವರು ಮೊದಲು ನಕ್ಕರು. ಆಮೇಲೆ ಕಿಟಕಿಯತ್ತ ನೋಡಿ, "ಆಡು ಹೊರಗ ಇರ್ಲಿ. ಗಾಜು ಮಾತ್ರ ತೆಗೀಬ್ಯಾಡ್ರಿ" ಎಂದರು.

ಆ ಗುರುವಾರ ನಿಂಗಮ್ಮನಿಗೆ ಕಿಟಕಿ ಪಕ್ಕದ ಹಾಸಿಗೆ ಕೊಟ್ಟೆ. ಹಣಮಂತ ಚಂದ್ರಿಯನ್ನು ಹೊರಗಿನ ಬೇವಿನ ಗಿಡಕ್ಕೆ ಕಟ್ಟಿದ. ಮೊದಲ ಒಂದು ತಾಸು ಅದು ಒಂದೇ ಸಮನೆ ಅರಚಿತು. ಕಾವಲುಗಾರ ರೇಗಿದ. ಈ ಉಸಾಬರಿ ನನಗೇಕೆ ಬೇಕಿತ್ತು ಎನ್ನಿಸಿತು. ಕೊನೆಗೆ ಅದು ಮಂಡಿಯೂರಿ ಕುಳಿತು ಮೆಲುಕು ಹಾಕತೊಡಗಿತು. ನಿಂಗಮ್ಮ ಅದರ ದವಡೆಯನ್ನೇ ನೋಡುತ್ತಿದ್ದಳು. ಎರಡು ತಾಸು ದಾಟಿತು. ಮೂರು. ನಾನು ಮಾತ್ರ ನಿಂತಲ್ಲಿ ನಿಲ್ಲಲಾಗದೆ ಮತ್ತೆ ಮತ್ತೆ ಬಂದು ಬಿ.ಪಿ. ನೋಡಿದೆ. ನಾಲ್ಕು ತಾಸು ಮುಗಿದು ಯಂತ್ರ ನಿಲ್ಲಿಸಿದಾಗ ಅವಳೇ ಕೇಳಿದಳು:

"ಆತೇನ್ರಿ, ಇಷ್ಟ ಲಗೂನ?"

ಆಡು ಕಿಡ್ನಿಯನ್ನು ಗುಣಪಡಿಸಲಿಲ್ಲ. ಎರಡು ವರ್ಷದ ನಂತರ ನಿಂಗಮ್ಮ ಹೃದಯ ಸೋತು ತೀರಿಕೊಂಡಳು. ಆದರೆ ಆ ಎರಡು ವರ್ಷ ಒಮ್ಮೆಯೂ ಅರ್ಧಕ್ಕೆ ಏಳಲಿಲ್ಲ.

ನಾನು ಹಟವೆಂದು ಬೈದದ್ದು ಭಯವಾಗಿತ್ತು. ಈಗ ಯಾವ ರೋಗಿ ಚಡಪಡಿಸಿದರೂ, ಬಾಯಿ ತೆರೆಯುವ ಮೊದಲು ಅವರ ದಿಂಬಿನ ಮಟ್ಟಕ್ಕೆ ಬಗ್ಗಿ, ಅಲ್ಲಿಂದ ಏನು ಕಾಣುತ್ತದೆಂದು ನೋಡುತ್ತೇನೆ.